ಮನೆಯ ಫೋಟೊ, ಮಂದಿಯ ಗೋದಾಮು

ಕೂಸಿಗೆ ಮೈತುಂಬ ಎಣ್ಣೆ ತಿಕ್ಕಿ, ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಎರೆಯುವ ಅಜ್ಜಿಯ ವಿಡಿಯೊ ಇಲ್ಲದ ಮೊಬೈಲು ಹಾವೇರಿ ಸೀಮೆಯಲ್ಲಿ ಸಿಗುವುದು ಕಷ್ಟ. ಬಾಣಂತನಕ್ಕೆ ತವರಿಗೆ ಬಂದ ಮಗಳು ಅದನ್ನು ತೆಗೆದು ಗಂಡನಿಗೆ ಕಳಿಸುತ್ತಾಳೆ. ಗಂಡ ತನ್ನ ತಾಯಿಗೆ ತೋರಿಸುತ್ತಾನೆ. ತಾಯಿ ಓಣಿಯ ನಾಲ್ಕು ಮಂದಿಗೆ ತೋರಿಸುತ್ತಾಳೆ. ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ.

ಗುಜರಾತಿನ ಎಂಜಿನಿಯರ್ ಒಬ್ಬರಿಗೂ ಅನ್ನಿಸಿರಲಿಲ್ಲ. ತಮ್ಮ ಬಾಲ್ಯದ ಫೋಟೊಗಳನ್ನು ಅವರು ಗೂಗಲ್ ಡ್ರೈವ್‌ಗೆ ಹಾಕಿಟ್ಟಿದ್ದರು. ಅದರಲ್ಲೊಂದು, ಎರಡು ವರ್ಷದ ಮಗುವಾಗಿದ್ದ ಅವರಿಗೆ ಅಜ್ಜಿ ಸ್ನಾನ ಮಾಡಿಸುತ್ತಿದ್ದ ಚಿತ್ರ. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳನ್ನು ಹುಡುಕುವ ತಪಾಸಣೆಯಲ್ಲಿ ಆ ಫೋಟೊ ಸಿಕ್ಕಿಬಿತ್ತು. 2023ರಲ್ಲಿ ಖಾತೆ ಬಂದ್ ಆಯಿತು. ಫೋಟೊ ಹೋದದ್ದಿರಲಿ, ಅದೇ ಖಾತೆಯ ಇಮೇಲ್ ನಂಬಿ ನಡೆಯುತ್ತಿದ್ದ ವ್ಯವಹಾರವೂ ನಿಂತಿತು. ಪೊಲೀಸರಿಗೆ, ಕೇಂದ್ರದ ಇಲಾಖೆಗೆ ಬರೆದುಕೊಂಡು ಫಲ ಕಾಣದೆ ಅವರು ಗುಜರಾತ್ ಹೈಕೋರ್ಟ್ ಮೆಟ್ಟಿಲೇರಿದರು. 2024ರ ಮಾರ್ಚ್‌ನಲ್ಲಿ ಕೋರ್ಟು ಗೂಗಲ್‌ಗೂ ಸರ್ಕಾರಗಳಿಗೂ ನೋಟಿಸ್ ಕೊಟ್ಟಿತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದಕ್ಕೂ ಮೊದಲೇ ಇಂಥದ್ದೇ ನಡೆದಿತ್ತು. ಮಗನ ಗುಪ್ತಾಂಗ ಊದಿಕೊಂಡದ್ದನ್ನು ವೈದ್ಯರಿಗೆ ತೋರಿಸಲು ತಂದೆ ತೆಗೆದ ಫೋಟೊ ಅಪ್ಪಟ ಅಪರಾಧದಂತೆ ಕಂಡಿತ್ತು. ಪೊಲೀಸರು ತನಿಖೆ ಮಾಡಿ ಆತನದೇನೂ ತಪ್ಪಿಲ್ಲ ಎಂದ ಮೇಲೂ ಕಂಪನಿ ಖಾತೆ ತೆರೆದುಕೊಡಲಿಲ್ಲ ಎಂದು 2022ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ವರದಿ ಮಾಡಿತು.

ಮಕ್ಕಳನ್ನು ಕಾಯಲು ಇಂಥ ತಪಾಸಣೆ ಬೇಕೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಗುವಿನ ಜಳಕದ ಫೋಟೊ, ಗ್ಯಾಸ್ ಸಿಲಿಂಡರ್ ಬುಕಿಂಗ್, ಬ್ಯಾಂಕಿನ ಒಟಿಪಿ, ಬೆಂಗಳೂರಿನಲ್ಲಿರುವ ಮಗನ ಕೆಲಸದ ಅರ್ಜಿ, ಎಲ್ಲವನ್ನೂ ಒಂದೇ ಖಾತೆಗೆ ಕಟ್ಟಿಹಾಕಿರುವ ನಮ್ಮ ಅಭ್ಯಾಸವೂ ಈ ಕತೆಯ ಒಂದು ಪಾತ್ರ ಎನ್ನುವುದನ್ನು ಮರೆಯುವಂತಿಲ್ಲ. ಖಾಸಗಿ ಫೋಟೊ ಎಲ್ಲಿಡಬೇಕು ಎಂದು ಕೇಳಿದಾಗ ಜನ ಮೊದಲು ನೋಡುವುದು ಯಾವುದು ಪುಕ್ಕಟೆ ಎನ್ನುವುದನ್ನು. ನೋಡಬೇಕಾದದ್ದು, ಇಟ್ಟ ಮೇಲೆ ಅದನ್ನು ತೆರೆಯುವ ಕೀಲಿಕೈ ಯಾರ ಹತ್ತಿರ ಇರುತ್ತದೆ ಎನ್ನುವುದನ್ನು.

ಬ್ಯಾಡಗಿಯವರಿಗೆ ಇದನ್ನು ತಿಳಿಸಿ ಹೇಳುವುದು ಸುಲಭ. ಸುಗ್ಗಿಯಲ್ಲಿ ಮಾರುಕಟ್ಟೆಯ ಅಂಗಳದ ತುಂಬ ಡಬ್ಬಿ, ಕಡ್ಡಿ ತಳಿಯ ಮೆಣಸಿನಕಾಯಿ ಚೀಲಗಳು ಬಂದು ಬೀಳುತ್ತವೆ. ಟೆಂಡರಿನಲ್ಲಿ ದರ ಮನಸ್ಸಿಗೆ ಬರದಿದ್ದರೆ ಮಾಲು ಕೋಲ್ಡ್ ಸ್ಟೋರೇಜ್ ಸೇರುತ್ತದೆ. ಚೀಲಕ್ಕೆ ಗುರುತು, ಕೈಗೆ ರಸೀದಿ, ಲೆಕ್ಕಕ್ಕೆ ಬಾಡಿಗೆ. ಮೆಣಸಿನಕಾಯಿ ನಿಮ್ಮದು, ಕಟ್ಟಡ, ಥಂಡಿ, ಬಾಗಿಲ ಬೀಗ ಅವರದು. ಬಾಡಿಗೆ ಕಟ್ಟದಿದ್ದರೆ ಏನಾಗುತ್ತದೆ, ರಸೀದಿ ಕಳೆದರೆ ಏನಾಗುತ್ತದೆ, ಮಾಲು ವಾಪಸು ತರುವಾಗ ಹಮಾಲಿ ಯಾರದು, ಇವೆಲ್ಲ ಚೀಲ ಇಡುವ ಮೊದಲೇ ಇತ್ಯರ್ಥವಾಗಿರುವ ಸಂಗತಿಗಳು. ‘ಕ್ಲೌಡ್’ ಎಂಬ ಹೆಸರು ಕೇಳಿ ಫೋಟೊ ಆಕಾಶದಲ್ಲಿ ತೇಲುತ್ತಿದೆ ಎಂದು ತಿಳಿಯಬೇಕಿಲ್ಲ. ಅದೂ ಯಾರದೋ ಕಟ್ಟಡದೊಳಗೆ, ಥಂಡಿ ಹಾಕಿದ ಕೋಣೆಯಲ್ಲಿ, ಬಾಡಿಗೆಗೆ ಇಟ್ಟ ಮಾಲೇ. ಮೆಣಸಿನಕಾಯಿಗೆ ಕೇಳುವ ಪ್ರಶ್ನೆಗಳನ್ನು ಫೋಟೊಕ್ಕೆ ಮಾತ್ರ ಯಾರೂ ಕೇಳುವುದಿಲ್ಲ.

ಅದರಲ್ಲೂ ಮುಖ್ಯ, ಚೀಲದ ಬಾಯಿ ಹೊಲಿದವರು ಯಾರು ಎನ್ನುವುದು. ಗೂಗಲ್ ಫೋಟೋಸ್‌ನಂಥ ಸಾಮಾನ್ಯ ಸೇವೆಗಳಲ್ಲಿ ಫೋಟೊ ಹೋಗುವ ದಾರಿಯಲ್ಲೂ ಇಟ್ಟ ಜಾಗದಲ್ಲೂ ಎನ್‌ಕ್ರಿಪ್ಷನ್ ಇರುತ್ತದೆ, ಅಂದರೆ ಕಳ್ಳನ ಕೈಗೆ ಸಿಕ್ಕರೆ ಅರ್ಥವಾಗದಂತೆ ಗೂಢಗೊಳಿಸಿರುತ್ತಾರೆ. ಆದರೆ ಕೀಲಿಕೈ ಕಂಪನಿಯ ಹತ್ತಿರವೇ. ಅದರಿಂದಲೇ ‘ಮದುವೆ’ ಎಂದು ಟೈಪ್ ಮಾಡಿದರೆ ಮದುವೆಯ ಫೋಟೊ ಹುಡುಕಿ ಕೊಡಲು, ಅಜ್ಜನ ಮುಖವನ್ನು ಎಲ್ಲ ಫೋಟೊಗಳಿಂದ ಹೆಕ್ಕಿ ಗುಂಪು ಮಾಡಲು ಅದಕ್ಕೆ ಬರುತ್ತದೆ. ಫೋಟೋಸ್‌ನಲ್ಲಿರುವ ಚಿತ್ರಗಳನ್ನು ಜಾಹೀರಾತಿಗೆ ಬಳಸುವುದಿಲ್ಲ ಎಂದು ಗೂಗಲ್ ಹೇಳಿಕೊಂಡಿದೆ. ಆದರೂ ತಪಾಸಣೆ ಬೇಕೆಂದಾಗ, ಕಾನೂನು ಕೇಳಿದಾಗ ತೆರೆಯುವ ಸಾಮರ್ಥ್ಯ ಅದಕ್ಕಿದ್ದೇ ಇದೆ.

ಇನ್ನೊಂದು ಬಗೆಯೇ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್. ಫೋಟೊ ನಿಮ್ಮ ಮೊಬೈಲಿನಲ್ಲೇ ಗೂಢವಾಗಿ ನಂತರ ಹೊರಡುತ್ತದೆ. ಇಟ್ಟುಕೊಂಡವರಿಗೂ ಒಳಗೇನಿದೆ ಎಂದು ಕಾಣದು. ಭಾರತೀಯ ಎಂಜಿನಿಯರ್ ಒಬ್ಬರು ಆರಂಭಿಸಿದ ‘ಎಂಟೆ’ ಎಂಬ ಸೇವೆ ಹೀಗೆ ಕೆಲಸ ಮಾಡುತ್ತದೆ. ಅದರ ತಂತ್ರಾಂಶದ ಸಂಕೇತಗಳನ್ನು ಯಾರು ಬೇಕಾದರೂ ಓದಿ ಪರೀಕ್ಷಿಸಬಹುದು. ಸ್ವಿಟ್ಜರ್‌ಲೆಂಡಿನ ‘ಪ್ರೋಟಾನ್ ಡ್ರೈವ್’ ಕೂಡ ಇದೇ ಜಾತಿ. ಆ್ಯಪಲ್ ಕಂಪನಿ 2022ರ ಡಿಸೆಂಬರ್‌ನಲ್ಲಿ ‘ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್’ ಎಂಬ ಹೆಸರಿನಲ್ಲಿ ಐಕ್ಲೌಡ್‌ನ ಫೋಟೊಗಳಿಗೂ ಈ ಸವಲತ್ತು ತಂದಿತು, ಆದರೆ ಬಳಕೆದಾರರೇ ಅದನ್ನು ಚಾಲೂ ಮಾಡಿಕೊಳ್ಳಬೇಕು. ಬ್ರಿಟನ್ ಸರ್ಕಾರ ಒಳಗೆ ನೋಡುವ ಅವಕಾಶ ಬೇಕೆಂದು ಪಟ್ಟು ಹಿಡಿದಾಗ, 2025ರ ಫೆಬ್ರುವರಿಯಲ್ಲಿ ಆ್ಯಪಲ್ ಅಲ್ಲಿಯ ಹೊಸ ಬಳಕೆದಾರರಿಗೆ ಆ ಸವಲತ್ತನ್ನೇ ನಿಲ್ಲಿಸಿತು. ಇಂದು ಇರುವ ರಕ್ಷಣೆ ನಾಳೆಯೂ ಇರುತ್ತದೆಂದು ಬರೆದುಕೊಟ್ಟವರಾರೂ ಇಲ್ಲ.

ಈ ಬಗೆಗೂ ಒಂದು ಬೆಲೆಯಿದೆ. ಪಾಸ್‌ವರ್ಡೂ ರಿಕವರಿ ಕೀಲಿಯೂ ಎರಡೂ ಕಳೆದರೆ ಕಂಪನಿಯವರ ಕಾಲು ಹಿಡಿದರೂ ಫೋಟೊ ಬಾರದು. ಪಾಸ್‌ವರ್ಡ್ ಮರೆಯುವುದೇ ವಾಡಿಕೆಯಾಗಿರುವ ನಮ್ಮ ಮನೆಗಳಿಗೆ ಇದು ಸಣ್ಣ ಮಾತಲ್ಲ.

ಎಷ್ಟು ದೊಡ್ಡ ಮಾತು ಎನ್ನುವುದು ರಾಣೆಬೆನ್ನೂರಿನ ಮೊಬೈಲ್ ಅಂಗಡಿಗಳಲ್ಲಿ ತಿಳಿಯುತ್ತದೆ. ಜಿಲ್ಲಾ ಕೇಂದ್ರ ಹಾವೇರಿಯಾದರೂ ಜನಸಂಖ್ಯೆಯಲ್ಲಿ ದೊಡ್ಡ ಊರು ರಾಣೆಬೆನ್ನೂರು. ಬೀಜ, ಹತ್ತಿ, ಬಟ್ಟೆ ಎಂದು ಸುತ್ತಲಿನ ಹಳ್ಳಿಗಳು ಇಲ್ಲಿಗೇ ಬರುತ್ತವೆ, ಹೊಸ ಮೊಬೈಲಿಗೂ ಇಲ್ಲಿಗೇ ಬರುತ್ತವೆ. ಕೌಂಟರಿನ ಆಚೆ ಈಚೆ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

“ಹಳೇ ಫೋಟೊ ಎಲ್ಲಾ ಹೊಸಾದ್ರಾಗ ಬರ್ತಾವಿಲ್ಲೋ ಅಣ್ಣಾರ?”

“ಬರ್ತಾವ್ರಿ ಅಕ್ಕಾರ. ಜಿಮೇಲ್ ಪಾಸ್‌ವರ್ಡ್ ಹೇಳ್ರಿ.”

“ಅದು ನನಗೇನ್ ಗೊತ್ರಿ? ಆವತ್ತ ಮೊಬೈಲ್ ತಗೊಂಡಾಗ ನೀವ ಹಾಕಿ ಕೊಟ್ಟಿದ್ರಿ.”

“ನಾ ಅಲ್ರಿ, ಮೊದಲಿದ್ದ ಹುಡುಗ ಹಾಕಿರಬೇಕು. ಒಟಿಪಿ ಹೋಗೋ ನಂಬರ್ ಯಾವದೈತಿ?”

“ಆ ಸಿಮ್ ಬಂದ್ ಆಗೇತಿ.”

“ಹಂಗಾರ ಹೊಸಾದ ಒಂದು ಮಾಡಿ ಕೊಡ್ತೀನಿ ಬಿಡ್ರಿ.”

ಹೊಸ ಜಿಮೇಲ್ ಎರಡು ನಿಮಿಷದಲ್ಲಿ ತಯಾರು. ಹಳೆಯದರಲ್ಲಿದ್ದ ಮಗಳ ಆರತಿ, ತೀರಿಹೋದ ಮಾವನ ನಗು, ಧರ್ಮಸ್ಥಳದ ಪ್ರವಾಸ ಎಲ್ಲ ಅನಾಥ. ಅವು ಅಲ್ಲೇ ಸುಮ್ಮನೆ ಬಿದ್ದಿರುತ್ತವೆ ಎಂದುಕೊಳ್ಳುವಂತೆಯೂ ಇಲ್ಲ. ಎರಡು ವರ್ಷ ಯಾರೂ ಮುಟ್ಟದ ವೈಯಕ್ತಿಕ ಖಾತೆಗಳನ್ನು ಒಳಗಿರುವ ಫೋಟೊಗಳ ಸಮೇತ ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಎಚ್ಚರಿಕೆಯ ಇಮೇಲ್ ಬರುತ್ತದೆ ನಿಜ. ಬರುವುದು ಅದೇ ಖಾತೆಗೆ ಮತ್ತು ಅದಕ್ಕೆ ಜೋಡಿಸಿದ ಇನ್ನೊಂದು ವಿಳಾಸಕ್ಕೆ. ಅಂಗಡಿಯ ಹುಡುಗ ಅವಸರದಲ್ಲಿ ಮಾಡಿಕೊಟ್ಟ ಖಾತೆಗೆ ಇನ್ನೊಂದು ವಿಳಾಸ ಎಲ್ಲಿಂದ ಬರಬೇಕು! ಖಾಸಗಿತನದ ದೃಷ್ಟಿಯಿಂದಲೂ ಇದು ಅಪಾಯವೇ. ಪಾಸ್‌ವರ್ಡ್ ನಿಮಗೆ ಗೊತ್ತಿಲ್ಲ ಎಂದರೆ ಇನ್ಯಾರಿಗೋ ಗೊತ್ತಿರಬಹುದು ಎಂದೂ ಆಯಿತಲ್ಲ.

ಹಾಗಾಗಿ ಯಾವ ಕಂಪನಿ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಆಗಬೇಕಾದ ಕೆಲಸ, ಈಗಿರುವ ಖಾತೆಯನ್ನು ತನ್ನದಾಗಿಸಿಕೊಳ್ಳುವುದು. ಪಾಸ್‌ವರ್ಡನ್ನು ತಾನೇ ಬದಲಿಸಿ, ಮನೆಯ ರೇಷನ್ ಕಾರ್ಡ್ ಇಡುವ ಪೆಟ್ಟಿಗೆಯಲ್ಲಿ ಬರೆದಿಡಬಹುದು. ತಜ್ಞರು ಹುಬ್ಬೇರಿಸಿದರೂ, ಮರೆತ ಪಾಸ್‌ವರ್ಡಿಗಿಂತ ಬರೆದಿಟ್ಟದ್ದು ಮೇಲು. ರಿಕವರಿಗೆ ಈಗ ಚಾಲೂ ಇರುವ ನಂಬರ್ ಕೊಡಬೇಕು, ಎರಡನೇ ಹಂತದ ಪರಿಶೀಲನೆ ಚಾಲೂ ಮಾಡಬೇಕು. 2014ರಲ್ಲಿ ಹಾಲಿವುಡ್ ನಟಿಯರ ಐಕ್ಲೌಡ್ ಫೋಟೊಗಳು ಹೊರಬಿದ್ದದ್ದು ಲೋಕಕ್ಕೆಲ್ಲ ಗೊತ್ತು. ತನಿಖೆಯಲ್ಲಿ ಸಿಕ್ಕವರು ಆ್ಯಪಲ್, ಗೂಗಲ್ ಕಳಿಸಿದಂತೆ ಕಾಣುವ ಸುಳ್ಳು ಇಮೇಲ್ ಕಳಿಸಿ ಪಾಸ್‌ವರ್ಡ್ ಕೇಳಿದ್ದರು. ನಟಿಯರೇ ಟೈಪ್ ಮಾಡಿ ಕೊಟ್ಟಿದ್ದರು.

ಇನ್ನು ಪುಕ್ಕಟೆಯ ಮಾತು. ಆರ್ಕುಟ್‌ನಲ್ಲಿ ಫೋಟೊ ಹಾಕಿದ ತಲೆಮಾರು ಈಗ ಮಧ್ಯವಯಸ್ಸಿಗೆ ಬಂದಿದೆ. ಹಾವೇರಿಯ ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಏರಿಸಿದ ಕಾಲೇಜಿನ ಫೋಟೊಗಳು 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿದಾಗ ಅದರೊಡನೆ ಹೋದವು. ಎರಡು ವರ್ಷದೊಳಗೆ ಇಳಿಸಿಕೊಳ್ಳಿ ಎಂದು ಗಡುವು ಕೊಟ್ಟಿದ್ದರೂ ಇಳಿಸಿಕೊಂಡವರು ನಮ್ಮ ಸುತ್ತ ಎಷ್ಟು ಮಂದಿ? ಪಿಕಾಸಾ 2016ರಲ್ಲಿ ಮುಗಿಯಿತು. ಫ್ಲಿಕರ್ 2013ರಲ್ಲಿ ಒಂದು ಟೆರಾಬೈಟ್ ಪುಕ್ಕಟೆ ಎಂದು ಕರೆಯಿತು, 2018ರಲ್ಲಿ ಮಾಲೀಕರು ಬದಲಾದ ಮೇಲೆ ಪುಕ್ಕಟೆಗೆ ಸಾವಿರ ಫೋಟೊ ಮಾತ್ರ ಎಂದಿತು, ಮರುವರ್ಷ ಹೆಚ್ಚಿನದನ್ನು ಅಳಿಸತೊಡಗಿತು. ಮೈಸ್ಪೇಸ್ ಅಂತೂ ಹಳೆಯ ಹಾಡು, ಫೋಟೊ, ವಿಡಿಯೊಗಳು ಸರ್ವರ್ ಬದಲಿಸುವಾಗ ಕಳೆದುಹೋದವು ಎಂದು 2019ರಲ್ಲಿ ಕೈ ಚೆಲ್ಲಿತು. ಗೂಗಲ್ ಫೋಟೋಸ್‌ನ ಲೆಕ್ಕವಿಲ್ಲದ ಪುಕ್ಕಟೆ ಜಾಗ 2015ರಲ್ಲಿ ಶುರುವಾಗಿ 2021ರ ಜೂನ್ 1ಕ್ಕೆ ನಿಂತಿತು. ಈಗ ಇಮೇಲ್, ಡ್ರೈವ್, ಫೋಟೊ ಎಲ್ಲ ಸೇರಿ 15 ಜಿಬಿ. ಆ್ಯಪಲ್‌ನಲ್ಲಿ 5 ಜಿಬಿ.

15 ಜಿಬಿ ಎಂದರೆ ಎಷ್ಟು? 4 ಎಂಬಿಯ ಫೋಟೊ ಆದರೆ ಮೂರೂವರೆ ಸಾವಿರಕ್ಕಿಂತ ಹೆಚ್ಚು. 4ಕೆ ವಿಡಿಯೊ ನಿಮಿಷಕ್ಕೆ ಮುನ್ನೂರೈವತ್ತು ಎಂಬಿ ಹಿಡಿದರೆ ಮುಕ್ಕಾಲು ಗಂಟೆಗೆ ಮುಗಿಯಿತು, ಒಂದು ತೊಟ್ಟಿಲು ಕಾರ್ಯದಲ್ಲಿ ಹೆಸರು ಕೂಗುವ ಹೊತ್ತಿಗೆ ಭರ್ತಿ. ಆಂಡ್ರಾಯ್ಡ್ ಮೊಬೈಲಿನ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಈಗ ಇದೇ 15 ಜಿಬಿಯಲ್ಲಿ ಲೆಕ್ಕ. ಬ್ಯಾಡಗಿಯ ದಲಾಲಿ ಅಂಗಡಿಯವರ ಗ್ಯಾಲರಿ ತೆರೆದು ನೋಡಿದರೆ ಅರ್ಥವಾಗುತ್ತದೆ. ಲಾಟಿನ ಚೀಟಿ, ಅಂಗೈ ಮೇಲಿಟ್ಟ ಮೆಣಸಿನಕಾಯಿ ಸ್ಯಾಂಪಲ್, ಲಾರಿಯ ನಂಬರ್, ಗುಲಾಬಿ ಹೂವಿನ ಶುಭೋದಯ, ಮತ್ತೆ ಲಾಟಿನ ಚೀಟಿ, ನಡುವೆ ಎಲ್ಲೋ ಮಗ ಮೊದಲ ಸಲ ಎದ್ದು ನಿಂತ ಫೋಟೊ. ಹಿಂಗಾಮು ಮುಗಿದ ಮೇಲೆ ಜಾಗ ಖಾಲಿ ಮಾಡಲು ಸಾರಾಸಗಟು ಅಳಿಸುವಾಗ ಎದ್ದು ನಿಂತ ಮಗನೂ ಹೋಗುತ್ತಾನೆ. ಗೂಗಲ್ ಫೋಟೋಸ್‌ನಲ್ಲಿ ಅಳಿಸಿದರೆ ಮೊಬೈಲಿನಿಂದಲೂ ಕ್ಲೌಡಿನಿಂದಲೂ ಹೋಗುತ್ತದೆ. ಬ್ಯಾಕಪ್ ಆಗಿದ್ದರೆ ಕಸದಬುಟ್ಟಿಯಲ್ಲಿ 60 ದಿನ ಇರುತ್ತದೆ. ಮೊಬೈಲಿನಿಂದ ಮಾತ್ರ ತೆಗೆಯಬೇಕೆಂದರೆ ಒತ್ತಬೇಕಾದದ್ದು ‘ಫ್ರೀ ಅಪ್ ಸ್ಪೇಸ್’. ಈ ಎರಡರ ವ್ಯತ್ಯಾಸ ತಿಳಿಯದೆ ಅತ್ತವರಿಗೆ ಲೆಕ್ಕವಿಲ್ಲ.

ಈಚೆಗೆ ಪುಕ್ಕಟೆಯ ಇನ್ನೊಂದು ಅಲೆ ಎದ್ದಿದೆ. 2025ರ ಮೇ ತಿಂಗಳಲ್ಲಿ ಏರ್‌ಟೆಲ್ ತನ್ನ ಪೋಸ್ಟ್‌ಪೇಯ್ಡ್, ವೈಫೈ ಗ್ರಾಹಕರಿಗೆ ಆರು ತಿಂಗಳು 100 ಜಿಬಿ ಗೂಗಲ್ ಜಾಗ ಕೊಡುವುದಾಗಿ ಹೇಳಿತು. ಅಕ್ಟೋಬರ್‌ನಲ್ಲಿ ಜಿಯೊ, ಗೂಗಲ್‌ನ ಎಐ ಯೋಜನೆಯ ಜೊತೆಗೆ 18 ತಿಂಗಳು 2 ಟೆರಾಬೈಟ್ ಕೊಡುವ ಘೋಷಣೆ ಮಾಡಿತು. ಪಡೆಯುವುದು ತಪ್ಪಲ್ಲ. ಆದರೆ 18 ತಿಂಗಳಲ್ಲಿ 300 ಜಿಬಿ ತುಂಬಿಸಿಕೊಂಡ ಕುಟುಂಬ ಹತ್ತೊಂಬತ್ತನೆಯ ತಿಂಗಳು ಏನು ಮಾಡುತ್ತದೆ? ಮಿತಿ ಮೀರಿದ ಖಾತೆಗೆ ಹೊಸ ಫೋಟೊ ಏರುವುದಿಲ್ಲ, ಇಮೇಲ್ ಬರುವುದಿಲ್ಲ; ಎರಡು ವರ್ಷ ಹಾಗೇ ಬಿಟ್ಟರೆ ಇರುವುದನ್ನೂ ಅಳಿಸಬಹುದು ಎಂದು ಗೂಗಲ್‌ನ ನಿಯಮವೇ ಹೇಳುತ್ತದೆ. ತಿಂಗಳಿಗೆ ಸುಮಾರು 130 ರೂಪಾಯಿಗೆ 100 ಜಿಬಿ ಕೊಳ್ಳುವ ಮನೆಗೆ ಇಂಥ ತಾಪತ್ರಯ ಕಡಿಮೆ. ಅದನ್ನು ಕುಟುಂಬದ ಇನ್ನೂ ಐವರ ಜೊತೆ ಹಂಚಿಕೊಳ್ಳಲೂಬಹುದು. ಹಂಚಿಕೆಯಾಗುವುದು ಜಾಗ ಮಾತ್ರ. ಒಬ್ಬರ ಫೋಟೊ ಇನ್ನೊಬ್ಬರಿಗೆ ಕಾಣುವುದಿಲ್ಲ. ಅಪ್ಪನ ಪ್ಲ್ಯಾನಿಗೆ ಸೇರಿದರೆ ಅಪ್ಪ ಎಲ್ಲ ನೋಡುತ್ತಾರೆ ಎಂದು ಕಾಲೇಜು ಹುಡುಗರು ಹೆದರಬೇಕಿಲ್ಲ.

ಇಡುವುದು ಒಂದು, ಹಂಚುವುದು ಇನ್ನೊಂದು. ನಮ್ಮಲ್ಲಿ ಎರಡಕ್ಕೂ ವಾಟ್ಸ್‌ಆ್ಯಪ್ ಒಂದೇ. 2016ರಿಂದ ಅಲ್ಲಿಯ ಸಂದೇಶಗಳಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇರುವುದು ಹೌದು. ಬ್ಯಾಕಪ್‌ಗೂ 2021ರಿಂದ ಇದೆ, ಆದರೆ ಸೆಟ್ಟಿಂಗಿಗೆ ಹೋಗಿ ಚಾಲೂ ಮಾಡಿದರೆ ಮಾತ್ರ. ಸ್ಟುಡಿಯೊದವರ ತಕರಾರು ಬೇರೆಯೇ. ತೀರಿಕೊಂಡವರ ಫೋಟೊ ದೊಡ್ಡದು ಮಾಡಿ ಕಟ್ಟು ಹಾಕಿಸಿಕೊಡಿ ಎಂದು ಮನೆಯವರು ಬರುತ್ತಾರೆ, ಕೈಯಲ್ಲಿರುವುದು ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದ ಪ್ರತಿ. ಸಾಧಾರಣವಾಗಿ ಕಳಿಸಿದ ಫೋಟೊವನ್ನು ವಾಟ್ಸ್‌ಆ್ಯಪ್ ಹಿಂಡಿ, ಉದ್ದನೆಯ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸುತ್ತದೆ. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಸ್ವಚ್ಛವಾಗಿ ಬರುವುದು ಐದಿಂಚು ಚಿಲ್ಲರೆ. 12ಕ್ಕೆ 18ರ ಫ್ರೇಮಿಗೆ ಅದನ್ನು ಎಳೆದರೆ ಅಜ್ಜನ ಮೀಸೆ ಮುಖಕ್ಕೆ ಮೆತ್ತಿದ ಮಸಿಯಾಗುತ್ತದೆ. 2023ರಲ್ಲಿ ಬಂದ ‘ಎಚ್‌ಡಿ’ ಗುಂಡಿ ಒತ್ತಿದರೆ ಸ್ವಲ್ಪ ವಾಸಿ. ಮೂಲ ಫೋಟೊ ಹಾಗೇ ಹೋಗಬೇಕೆಂದರೆ ‘ಡಾಕ್ಯುಮೆಂಟ್’ ಎಂದು ಕಳಿಸಬೇಕು.

ಹಾಗೆ ಕಳಿಸುವಾಗ ಒಂದು ತೊಡಕಿದೆ. ಮೊಬೈಲಿನ ಕ್ಯಾಮೆರಾದಲ್ಲಿ ಲೊಕೇಶನ್ ಚಾಲೂ ಇದ್ದರೆ ಪ್ರತಿ ಫೋಟೊದೊಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಕೂತಿರುತ್ತದೆ. 14.79 ಮತ್ತು 75.40 ಎಂದರೆ ಹಾವೇರಿ ಊರು. ಮುಂದೆ ಇನ್ನು ಮೂರು ಅಂಕಿ ಸೇರಿದರೆ ಮನೆಯ ಕಟ್ಟೆ. ಸಾಧಾರಣವಾಗಿ ಕಳಿಸಿದಾಗ ವಾಟ್ಸ್‌ಆ್ಯಪ್ ಈ ವಿವರವನ್ನು ಕಿತ್ತುಹಾಕುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದಾಗ ಅದೂ ಜೊತೆಗೆ ಹೋಗುತ್ತದೆ. ಸ್ಟುಡಿಯೊದವರಿಗೆ ಕಳಿಸುವಾಗ ಚಿಂತೆಯಿಲ್ಲ. ಗುರುತಿಲ್ಲದವರಿಗೆ ಕಳಿಸುವಾಗ ಲೊಕೇಶನ್ ತೆಗೆದು ಕಳಿಸುವುದು ಕ್ಷೇಮ.

ಗುರುತಿಲ್ಲದವರಿಗೆ ಯಾರಾದರೂ ಮನೆಯ ಫೋಟೊ ಕಳಿಸುತ್ತಾರೆಯೇ ಎಂದು ಕೇಳಬಹುದು. ಹೆಣ್ಣಿನ ಮದುವೆ ಎಂದರೆ ಕಳಿಸಲೇಬೇಕು. ಮೊದಲು ‘ಕನ್ಯಾ ಫೋಟೊ’ ಎಂದರೆ ಸ್ಟುಡಿಯೊದಲ್ಲಿ ತೆಗೆಸಿದ ಒಂದೇ ಪ್ರತಿ. ಲಗ್ನ ಮಾಡಿಸುವ ಹಿರಿಯರ ಕಿಸೆಯಲ್ಲಿ ಊರೂರು ಸುತ್ತಿ, ಸಂಬಂಧ ಕೂಡದಿದ್ದರೆ ಕೈಗೇ ವಾಪಸು ಬರುತ್ತಿತ್ತು. ವಾಪಸು ಬರದಿದ್ದರೆ ಕೇಳಿ ತರಿಸಿಕೊಳ್ಳುವ ಮರ್ಯಾದೆಯೂ ಇತ್ತು. ಈಗ ಬಯೋಡಾಟಾದ ಪಿಡಿಎಫ್ ಸಮಾಜದ ವಧುವರರ ಗ್ರೂಪಿಗೆ ಬೀಳುತ್ತದೆ. ಹುಟ್ಟಿದ ವೇಳೆ, ಎತ್ತರ, ಓದು, ಅಪ್ಪನ ಹೊಲ ಎಷ್ಟೆಕರೆ, ಮೊಬೈಲ್ ನಂಬರ್, ಮೂರು ಫೋಟೊ, ಎಲ್ಲ ಒಟ್ಟಿಗೆ. ಹುಡುಗಿಗೆ ಮದುವೆಯಾಗಿ ಮಗುವಾದ ಮೇಲೂ ಆ ಪಿಡಿಎಫ್ ಯಾವುದೋ ಗ್ರೂಪಿನಲ್ಲಿ ತಿರುಗುತ್ತಲೇ ಇರುತ್ತದೆ. ಇದಕ್ಕೆ ಪೂರ್ತಿ ಮದ್ದಿಲ್ಲ. ಅರ್ಧ ಮದ್ದೆಂದರೆ ಬಯೋಡಾಟಾದಲ್ಲಿ ಫೋಟೊ ಹಾಕದೆ, ಮಾತು ಮುಂದುವರಿದ ಮನೆಗೆ ಮಾತ್ರ ಆಲ್ಬಮ್ಮಿನ ಲಿಂಕ್ ಕೊಟ್ಟು, ಮಾತು ಮುರಿದರೆ ಲಿಂಕ್ ಬಂದ್ ಮಾಡುವುದು. ವಾಟ್ಸ್‌ಆ್ಯಪ್‌ಗೆ 2021ರಲ್ಲಿ ಬಂದ, ಒಮ್ಮೆ ನೋಡಿದರೆ ಮಾಯವಾಗುವ ‘ವ್ಯೂ ಒನ್ಸ್’ ಕೂಡ ಇದೆ, ಅದರಲ್ಲಿ ಸ್ಕ್ರೀನ್‌ಶಾಟ್ ತೆಗೆಯಲು ಬಾರದು. ಆದರೆ ಪಕ್ಕದಲ್ಲಿ ಕೂತವರು ಇನ್ನೊಂದು ಮೊಬೈಲಿನಿಂದ ಪರದೆಯ ಫೋಟೊ ತೆಗೆದರೆ ತಡೆಯುವವರಾರು?

ಲಿಂಕಿನ ವಿಷಯ ಬಂತು. ಮದುವೆಯ ಸಾವಿರಾರು ಫೋಟೊಗಳನ್ನು ಡ್ರೈವ್‌ಗೆ ಹಾಕಿ ಲಿಂಕ್ ಕಳಿಸುವುದು ಈಗ ಸ್ಟುಡಿಯೊಗಳ ರೂಢಿ. ಅದು ಬಹುಮಟ್ಟಿಗೆ ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂಬ ಸೆಟ್ಟಿಂಗಿನಲ್ಲಿರುತ್ತದೆ. ಆ ಫೋಲ್ಡರಿನಲ್ಲಿ ವೇದಿಕೆಯ ಫೋಟೊ ಮಾತ್ರ ಇರುವುದಿಲ್ಲ. ಅರಿಷಿಣ ಹಚ್ಚುವಾಗಿನದು, ಸುರಗಿ ನೀರು ಹಾಕುವಾಗಿನದು, ಸೀರೆ ಉಡಿಸುವ ಕೋಣೆಯಲ್ಲಿ ಹುಡುಗಿಯರು ಕ್ಯಾಮೆರಾ ಮರೆತು ಕೂತದ್ದು ಕೂಡ ಇರುತ್ತದೆ. ಗ್ರೂಪಿಗೆ ಲಿಂಕ್ ಹಾಕುವ ಮೊದಲು ಮನೆಯ ಹೆಣ್ಣುಮಕ್ಕಳೊಬ್ಬರು ಫೋಲ್ಡರನ್ನು ಒಮ್ಮೆ ಸೋಸಬೇಕು, ಬಳಿಕ ಇಮೇಲ್ ವಿಳಾಸ ಕೊಟ್ಟವರಿಗೆ ಮಾತ್ರ ತೆರೆಯುವಂತೆ ಬದಲಿಸಲು ಹೇಳಬೇಕು. ಆಲ್ಬಮ್ ಕೈಗೆ ಬಂದ ಮೇಲೆ ಮೂಲ ಫೈಲುಗಳನ್ನು ಸ್ಟುಡಿಯೊದ ಕಂಪ್ಯೂಟರಿನಲ್ಲಿ ಎಷ್ಟು ದಿನ ಇಡುತ್ತೀರಿ ಎಂದು ಕೇಳಿಕೊಳ್ಳುವುದು ಜಗಳವಲ್ಲ, ವ್ಯವಹಾರ.

ಖಾಸಗಿ ಚಿತ್ರ ಹೊರಬೀಳಲು ಕ್ಲೌಡೇ ಬೇಕೆಂದಿಲ್ಲ ಎನ್ನುವುದನ್ನು ಕರ್ನಾಟಕ 2024ರ ಏಪ್ರಿಲ್‌ನಲ್ಲಿ ಕಂಡಿತು. ಲೋಕಸಭೆ ಚುನಾವಣೆಯ ಮತದಾನಕ್ಕೆ ಕೆಲವೇ ದಿನ ಇರುವಾಗ ಹಾಸನದಲ್ಲಿ ಅಂಥ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಹರಿದಾಡಿದವು. ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳ ಮುಖವನ್ನೂ ಮರೆಮಾಚದೆ ಹಂಚಿದ್ದರು. ಆ ವಿಡಿಯೊಗಳನ್ನು ಹಂಚುವುದೂ ಅಪರಾಧ ಎಂದು ವಿಶೇಷ ತನಿಖಾ ತಂಡ ಎಚ್ಚರಿಸಬೇಕಾಯಿತು. ಸಾಲದ ಆ್ಯಪ್‌ಗಳದ್ದು ಇನ್ನೊಂದು ದಾರಿ. ಗ್ಯಾಲರಿಗೆ ಅನುಮತಿ ಪಡೆದು, ಕಂತು ತಪ್ಪಿದಾಗ ಫೋಟೊ ತಿರುಚಿ ನೆಂಟರಿಗೆಲ್ಲ ಕಳಿಸುವ ಕಾಟ ಮಿತಿ ಮೀರಿದಾಗ, 2023ರ ಮೇ 31ರಿಂದ ಅಂಥ ಆ್ಯಪ್‌ಗಳು ಫೋಟೊ, ಕಾಂಟ್ಯಾಕ್ಟ್ ಮುಟ್ಟುವಂತಿಲ್ಲ ಎಂದು ಗೂಗಲ್ ಪ್ಲೇ ನಿಯಮ ಮಾಡಿತು. ಪ್ಲೇ ಸ್ಟೋರಿನ ಹೊರಗಿನಿಂದ ಹಾಕಿಕೊಂಡ ಆ್ಯಪ್‌ಗೆ ಆ ನಿಯಮದ ಹಂಗಿಲ್ಲ. ರಿಪೇರಿಗೆ ಕೊಡುವಾಗ ಪಿನ್ ನಂಬರನ್ನು ಚೀಟಿಯಲ್ಲಿ ಬರೆದು ಮೊಬೈಲಿನ ಬೆನ್ನಿಗೆ ಅಂಟಿಸಿ ಬರುತ್ತೇವಲ್ಲ, ಅದು ಮೂರನೆಯ ದಾರಿ. ಸ್ಯಾಮ್ಸಂಗ್‌ನ ಅನೇಕ ಮೊಬೈಲುಗಳಲ್ಲಿ ‘ಮೇಂಟೆನನ್ಸ್ ಮೋಡ್’ ಇದೆ. ಅದನ್ನು ಹಾಕಿ ಕೊಟ್ಟರೆ ರಿಪೇರಿಯವರಿಗೆ ಮೊಬೈಲು ಸಿಗುತ್ತದೆ, ಒಳಗಿನ ಫೋಟೊ ಸಿಗುವುದಿಲ್ಲ.

ಇಷ್ಟಾಗಿಯೂ ಎಡವಟ್ಟಾದರೆ ಕಾನೂನಿದೆ. ಒಪ್ಪಿಗೆಯಿಲ್ಲದೆ ಒಬ್ಬರ ಖಾಸಗಿ ಅಂಗಗಳ ಚಿತ್ರ ತೆಗೆಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಅಪರಾಧ. ಮೂರು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ. ಸೈಬರ್ ವಂಚನೆಯಲ್ಲಿ ದುಡ್ಡು ಹೋದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಫೋಟೊ ವಿಷಯದ ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ಕೊಡಬಹುದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪಿತ್ತರು. ಆ ಮೊಕದ್ದಮೆ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಆಧಾರ್ ವಿರುದ್ಧ ಕೋರ್ಟಿಗೆ ಹೋಗಿದ್ದರು. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾಗಿವೆ.

ಹಾಗಾದರೆ ಆಯ್ಕೆ ಯಾವುದು? ಎಲ್ಲಕ್ಕೂ ಒಂದೇ ಜಾಗ ಎನ್ನುವುದನ್ನು ಮೊದಲು ಬಿಡಬೇಕು. 2023ರ ಜನವರಿಯಲ್ಲಿ ಹಾವೇರಿಯ ಸಾಹಿತ್ಯ ಸಮ್ಮೇಳನದಲ್ಲಿ ತೆಗೆದುಕೊಂಡ ಸೆಲ್ಫಿ, ಗೊಟಗೋಡಿಯ ರಾಕ್ ಗಾರ್ಡನ್ನಿನ ಶಾಲಾ ಪ್ರವಾಸ, ಹಬ್ಬ, ಹೊಲ, ಎತ್ತು, ಇಂಥವಕ್ಕೆ ಗೂಗಲ್ ಫೋಟೋಸ್ ಸಾಕು. ಬಳಸಲು ಸುಲಭ, ಹುಡುಕಲು ಸುಲಭ, ವಯಸ್ಸಾದವರಿಗೂ ಕೈಗೆಟುಕುತ್ತದೆ. ಮಕ್ಕಳ ಜಳಕ, ಆಸ್ಪತ್ರೆಯ ಗಾಯ, ಗಂಡಹೆಂಡಿರ ನಡುವಿನದು ಇವು ಅಲ್ಲಿಗೆ ಹೋಗಬಾರದು. ಅಂಥವಕ್ಕೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇರುವ ಬೇರೆ ಖಾತೆ, ಇಲ್ಲವೇ ಯಾವ ಕ್ಲೌಡೂ ಬೇಡ. ವಾಟ್ಸ್‌ಆ್ಯಪ್ ಫೋಲ್ಡರಿನ ಬ್ಯಾಕಪ್ ಬಂದ್ ಮಾಡಿದರೆ ಶುಭೋದಯದ ಗುಲಾಬಿಗಳಿಗೆ ಬಾಡಿಗೆ ಕಟ್ಟುವುದೂ ತಪ್ಪುತ್ತದೆ. ಆಧಾರ್, ಅಂಕಪಟ್ಟಿಗಳ ಫೋಟೊ ಗ್ಯಾಲರಿಯಲ್ಲಿ ಯಾಕೆ? ಅವಕ್ಕೆಂದೇ ಸರ್ಕಾರದ ಡಿಜಿಲಾಕರ್ 2015ರಿಂದ ಇದೆ.

ಗೂಗಲ್ ಫೋಟೋಸ್‌ನ ‘ಲಾಕ್ಡ್ ಫೋಲ್ಡರ್’ ಬಗ್ಗೆ ಒಂದು ಎಚ್ಚರ. ಅದರಲ್ಲಿಟ್ಟದ್ದು ಗ್ಯಾಲರಿಯಲ್ಲಿ ಕಾಣುವುದಿಲ್ಲ, ಬೆರಳಚ್ಚು ಕೇಳುತ್ತದೆ, ಸರಿ. ಆದರೆ ಅದರ ಬ್ಯಾಕಪ್ಪನ್ನು ಬೇರೆಯಾಗಿ ಚಾಲೂ ಮಾಡದಿದ್ದರೆ ಅದು ಆ ಒಂದು ಮೊಬೈಲಿನಲ್ಲಿ ಮಾತ್ರ ಇರುತ್ತದೆ. ಮೊಬೈಲು ತುಂಗಭದ್ರೆಗೆ ಬಿದ್ದರೆ ಫೋಟೊವೂ ಬಿದ್ದಂತೆ.

ನೀರಿನ ಮಾತು ಇಲ್ಲಿ ಬರಿಯ ಮಾತಲ್ಲ. 2019ರ ಆಗಸ್ಟ್‌ನಲ್ಲಿ ವರದಾ, ತುಂಗಭದ್ರಾ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದಾಗ ಮಣ್ಣಿನ ಗೋಡೆ ಕರಗಿದವು, ಕಾಳುಕಡಿ ಕೊಳೆತವು. ನೆನೆದ ಆಲ್ಬಮ್ಮಿನ ಹಾಳೆಗಳು ಒಣಗಿದ ಮೇಲೆ ಒಂದಕ್ಕೊಂದು ಅಂಟಿ, ಬಿಡಿಸಿದರೆ ಮುಖಗಳೇ ಕಿತ್ತು ಬರುತ್ತವೆ. ಹಾರ್ಡ್ ಡಿಸ್ಕ್ ನೆನೆದರೂ ಗತಿ ಅದೇ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಬಳಕೆಗೆ ತಂದ ‘3-2-1’ ಲೆಕ್ಕವನ್ನು ಜಗತ್ತಿನ ವೃತ್ತಿಪರರು ಇಂದಿಗೂ ಪಾಲಿಸುತ್ತಾರೆ: ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನ, ಒಂದು ಮನೆಯ ಹೊರಗೆ. ನಮ್ಮ ಮಟ್ಟಿಗೆ ಮೊಬೈಲಿನಲ್ಲೊಂದು, ಕ್ಲೌಡಿನಲ್ಲೊಂದು, ಹಾರ್ಡ್ ಡಿಸ್ಕಿನಲ್ಲೊಂದು. ಹಾರ್ಡ್ ಡಿಸ್ಕಿಗೆ ಪಾಸ್‌ವರ್ಡ್ ಹಾಕಿ, ದೀಪಾವಳಿಗೆ ಹೋದಾಗ ಅಕ್ಕನ ಮನೆಯಲ್ಲಿಟ್ಟು ಬಂದರೆ ಆಯಿತು. ಮುಂದಿನ ದೀಪಾವಳಿಗೆ ಅದನ್ನೇ ತಂದು ಹೊಸ ಫೋಟೊ ಸೇರಿಸಬಹುದು.

ಒಂದು ಸೇವೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನೂ ಮೊದಲೇ ನೋಡಿಟ್ಟುಕೊಳ್ಳಬೇಕು. ಗೂಗಲ್‌ನಿಂದ ಎಲ್ಲವನ್ನೂ ಇಳಿಸಿಕೊಳ್ಳಲು ‘ಟೇಕ್‌ಔಟ್’ ಇದೆ. ಜಿಪ್ ಫೈಲುಗಳು ಕೈಗೆ ಬರುತ್ತವೆ, ಫೋಟೊದ ಪಕ್ಕದಲ್ಲಿ ಜೆಸನ್ ಎಂಬ ಪುಟ್ಟ ಫೈಲುಗಳೂ ಇರುತ್ತವೆ; ತಿದ್ದಿದ ದಿನಾಂಕ, ಬರೆದ ಅಡಿಬರಹ ಇರುವುದು ಅವುಗಳಲ್ಲಿ, ಕಸವೆಂದು ಅಳಿಸಬಾರದು. ಈ ಟೇಕ್‌ಔಟ್ ಕೂಡ ಒಮ್ಮೆ ಎಡವಿತ್ತು. 2019ರ ನವೆಂಬರ್‌ನಲ್ಲಿ ಕೆಲವು ದಿನ ಕೆಲವರ ವಿಡಿಯೊಗಳು ಯಾರೋ ಅಪರಿಚಿತರ ಜಿಪ್ ಫೈಲಿಗೆ ಸೇರಿಹೋಗಿದ್ದವು ಎಂದು ಗೂಗಲ್ ಮರುವರ್ಷ ಒಪ್ಪಿಕೊಂಡಿತು.

ಉಳಿದದ್ದು, ಖಾತೆಯ ಯಜಮಾನರೇ ಇಲ್ಲವಾದಾಗಿನ ಪ್ರಶ್ನೆ. ಬೀರುವಿನ ಆಲ್ಬಮ್ ಮಕ್ಕಳಿಗೆ ತಾನಾಗಿ ಬರುತ್ತದೆ, ಜಿಮೇಲ್ ಬರುವುದಿಲ್ಲ. ಗೂಗಲ್‌ನಲ್ಲಿ 2013ರಿಂದ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಇದೆ, ಆ್ಯಪಲ್‌ನಲ್ಲಿ 2021ರಿಂದ ‘ಲೆಗಸಿ ಕಾಂಟ್ಯಾಕ್ಟ್’. ಗೂಗಲ್‌ನದರಲ್ಲಿ ಮೂರು, ಆರು, ಹನ್ನೆರಡು ಇಲ್ಲವೇ ಹದಿನೆಂಟು ತಿಂಗಳು ಖಾತೆ ಸುಮ್ಮನಿದ್ದರೆ ಯಾರಿಗೆ ತಿಳಿಸಬೇಕು, ಯಾವುದನ್ನು ಕೊಡಬೇಕು ಎಂದು ಹತ್ತು ಮಂದಿಯವರೆಗೆ ಹೆಸರಿಸಬಹುದು. ಫೋಟೊ ಮಾತ್ರ ಕೊಟ್ಟು ಇಮೇಲ್ ಕೊಡದೆಯೂ ಇರಬಹುದು. ಹಬ್ಬದ ಫೋಟೊ ಮಗನಿಗೆ, ಉಳಿದದ್ದನ್ನೆಲ್ಲ ಅಳಿಸು ಎಂದೂ ಬರೆದಿಡಬಹುದು. ಹೆಸರಿಸಿದವರ ಮೊಬೈಲ್ ನಂಬರನ್ನೂ ಅಲ್ಲಿ ಕೊಡಬೇಕಾಗುತ್ತದೆ, ಏಕೆಂದರೆ ಇಳಿಸಿಕೊಳ್ಳುವ ಮೊದಲು ಅದಕ್ಕೊಂದು ಕೋಡ್ ಬರುತ್ತದೆ. ಮಗ ಸಿಮ್ ಬದಲಿಸಿದ ದಿನ ಅಲ್ಲಿಯ ನಂಬರನ್ನೂ ಬದಲಿಸಬೇಕು.